‘ಇಟ್’ ಎಲ್ಲಿ ಕೂರಬೇಕು?

ಸೀ, ಥ್ರೂ, ಇಟ್. ಇಂಗ್ಲಿಷಿನ ಈ ಮೂರು ಪದಗಳನ್ನು ಪ್ರಾಥಮಿಕ ಶಾಲೆಯ ಮಗುವೂ ಓದಬಲ್ಲದು. ‘ಸೀ ಥ್ರೂ ಇಟ್’ ಎಂದರೆ ಅದರ ಹಿಂದಿರುವ ಮೋಸವನ್ನು ಕಂಡುಕೊಳ್ಳುವುದು. ‘ಸೀ ಇಟ್ ಥ್ರೂ’ ಎಂದರೆ ಹಿಡಿದ ಕೆಲಸವನ್ನು ಕೊನೆಮುಟ್ಟಿಸುವುದು. ಪದಗಳು ಅವೇ, ಹೊಸದಾಗಿ ಏನೂ ಸೇರಿಲ್ಲ, ಏನೂ ಬಿಟ್ಟುಹೋಗಿಲ್ಲ. ಸರ್ವನಾಮ ಒಂದು ಹೆಜ್ಜೆ ಮುಂಚೆ ಬಂದು ಕೂತಿತು, ಅಷ್ಟಕ್ಕೇ ಅರ್ಥ ಪೂರ್ತಿ ಬೇರೆಯಾಯಿತು.

ಕ್ರಿಯಾಪದದ ಜೊತೆ ಅಪ್, ಆಫ್, ಔಟ್, ಡೌನ್ ಮುಂತಾದ ಪುಟ್ಟ ಪದಗಳು ಸೇರಿ ಆಗುವ ಈ ಜೋಡಣೆಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲೂ ಸ್ಪೋಕನ್ ಇಂಗ್ಲಿಷ್ ಪುಸ್ತಕಗಳಲ್ಲೂ ಇವು ಪುಟಗಟ್ಟಲೆ ಪಟ್ಟಿಯಾಗಿ ಬರುತ್ತವೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡದ ಅರ್ಥ. ವಿದ್ಯಾರ್ಥಿಗಳು ಉರು ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಅಂಕವನ್ನೂ ಗಳಿಸುತ್ತಾರೆ. ಆದರೆ ಮಾತಿಗೆ ಇಳಿದಾಗ ಅದೇ ವಿದ್ಯಾರ್ಥಿಗಳ ನಾಲಿಗೆ ತಡವರಿಸುತ್ತದೆ. ಪಟ್ಟಿಯಲ್ಲಿ ಅರ್ಥ ಇತ್ತು, ವಿನ್ಯಾಸ ಇರಲಿಲ್ಲ. ‘ಇಟ್’, ‘ಹಿಮ್’, ‘ಮಿ’ ಬಂದಾಗ ಅವನ್ನು ಎಲ್ಲಿ ಕೂರಿಸಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಈ ವಿದ್ಯೆಯ ಅರ್ಧ ಪಾಲು ಆ ಒಂದು ಪ್ರಶ್ನೆಯಲ್ಲೇ ಇದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಈ ಪುಟ್ಟ ಪದಗಳಲ್ಲಿ ಎರಡು ಬಗೆ. ಒಂದು, ತನ್ನ ಮುಂದೆ ಬರುವ ನಾಮಪದಕ್ಕೆ ಸೇರಿದ್ದು, ಅದು ಪ್ರಿಪೊಸಿಷನ್. ಇನ್ನೊಂದು, ತನ್ನ ಹಿಂದಿರುವ ಕ್ರಿಯಾಪದಕ್ಕೆ ಸೇರಿದ್ದು, ಅದು ಕ್ರಿಯಾವಿಶೇಷಣ. ‘ಅಪ್’, ‘ಆಫ್’, ‘ಆನ್’ ಎರಡೂ ಕೆಲಸ ಮಾಡುತ್ತವೆ, ರೂಪ ಮಾತ್ರ ಒಂದೇ. ಹಾಗಾಗಿ ‘ರನ್ ಅಪ್ ದ ಹಿಲ್’ ಮತ್ತು ‘ರನ್ ಅಪ್ ಎ ಬಿಲ್’ ಮೇಲ್ನೋಟಕ್ಕೆ ಅವಳಿಗಳಂತೆ ಕಾಣುತ್ತವೆ. ಮೊದಲನೆಯದು ಗುಡ್ಡ ಹತ್ತಿ ಓಡುವುದು, ಎರಡನೆಯದು ಅಂಗಡಿಯಲ್ಲಿ ಬಾಕಿ ಬೆಳೆಸುವುದು. ಗುಡ್ಡ, ಬಿಲ್ಲು ಎರಡನ್ನೂ ತೆಗೆದು ‘ಇಟ್’ ಹಾಕಿ ನೋಡಿ. ಗುಡ್ಡವಾದರೆ ‘ರನ್ ಅಪ್ ಇಟ್’, ಬಿಲ್ಲಾದರೆ ‘ರನ್ ಇಟ್ ಅಪ್’. ಪದವಿಭಾಗ ಮಾಡಿ ತಲೆಕೆಡಿಸಿಕೊಳ್ಳುವ ಬದಲು ಸರ್ವನಾಮವನ್ನು ಒಳಗೆ ಬಿಟ್ಟರೆ ಅದೇ ಉತ್ತರ ಹೇಳುತ್ತದೆ. ಸರ್ವನಾಮ ನಡುವೆ ಕೂತರೆ ಆ ಪುಟ್ಟ ಪದ ಕ್ರಿಯಾವಿಶೇಷಣ, ಸರ್ವನಾಮ ಕೊನೆಗೆ ಹೋದರೆ ಪ್ರಿಪೊಸಿಷನ್. ‘ಲುಕ್ ಆಫ್ಟರ್ ಹರ್’ ಸರಿ, ‘ಲುಕ್ ಹರ್ ಆಫ್ಟರ್’ ತಪ್ಪು.

ಈ ಭೇದ ಕನ್ನಡದ ಕಿವಿಗೆ ಅಪರಿಚಿತವೇನೂ ಅಲ್ಲ. ‘ಮೇಜಿನ ಮೇಲೆ ಇಡು’ ಮತ್ತು ‘ಮೇಜನ್ನು ಮೇಲೆ ಇಡು’ ಎಂಬ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ‘ಮೇಲೆ’ ಮೇಜಿಗೆ ಅಂಟಿಕೊಂಡಿದೆ, ಎರಡನೆಯದರಲ್ಲಿ ಇಡುವ ಕೆಲಸಕ್ಕೆ. ನಮಗೆ ಎಂದೂ ಗೊಂದಲವಾಗುವುದಿಲ್ಲ, ಏಕೆಂದರೆ ಮೇಜಿಗೆ ಹತ್ತಿದ ವಿಭಕ್ತಿ ಪ್ರತ್ಯಯವೇ ಯಾವುದು ಯಾರದ್ದು ಎಂದು ಹೇಳಿಬಿಡುತ್ತದೆ. ಇಂಗ್ಲಿಷ್ ತನ್ನ ವಿಭಕ್ತಿಗಳನ್ನು ಶತಮಾನಗಳ ಹಿಂದೆಯೇ ಬಹುಪಾಲು ಕಳೆದುಕೊಂಡಿತು. ನಾವು ಪ್ರತ್ಯಯದಿಂದ ಮಾಡುವ ಕೆಲಸವನ್ನು ಅದು ಪದದ ಜಾಗದಿಂದ ಮಾಡಬೇಕಾಗಿದೆ.

ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣ ಸೇರಿದ ಜೋಡಣೆಗಳಲ್ಲಿ ನಾಮಪದಕ್ಕೆ ಸ್ವಾತಂತ್ರ್ಯವಿದೆ. ‘ಟರ್ನ್ ಆಫ್ ದ ಲೈಟ್’, ‘ಟರ್ನ್ ದ ಲೈಟ್ ಆಫ್’ ಎರಡೂ ಸರಿ. ಸರ್ವನಾಮಕ್ಕೆ ಆ ಸ್ವಾತಂತ್ರ್ಯವಿಲ್ಲ. ‘ಟರ್ನ್ ಇಟ್ ಆಫ್’ ಒಂದೇ ದಾರಿ. ಯಾಕೆ ಹೀಗೆ? ವ್ಯಾಕರಣ ಪುಸ್ತಕಗಳು ನಿಯಮ ಹೇಳಿ ಸುಮ್ಮನಾಗುತ್ತವೆ, ಕಾರಣ ಹೇಳುವುದು ಕಡಿಮೆ. ಕಾರಣ ಇರುವುದು ಕಿವಿಯಲ್ಲಿ. ‘ಟರ್ನ್ ಇಟ್ ಆಫ್’ ಎನ್ನುವಾಗ ಒತ್ತು ಬೀಳುವುದು ಕೊನೆಯ ‘ಆಫ್’ ಮೇಲೆ. ಆಡುವವರ ಬಾಯಲ್ಲಿ ಅದು ಸುಮಾರಾಗಿ ‘ಟರ್ನಿಟಾಫ್’ ಎಂದೇ ಕೇಳಿಸುತ್ತದೆ. ‘ಲುಕ್ ಅಟ್ ಇಟ್’ ಎನ್ನುವಾಗ ಒತ್ತೆಲ್ಲ ‘ಲುಕ್’ ಮೇಲೆ. ‘ಅಟ್ ಇಟ್’ ಅರ್ಧ ನುಂಗಿದಂತೆ ಹೊರಬರುತ್ತದೆ. ಇಂಗ್ಲಿಷ್ ವಾಕ್ಯದ ಕೊನೆ ಹೊಸ ಸುದ್ದಿಗೆ ಮೀಸಲಾದ, ಒತ್ತು ಬೀಳುವ ಜಾಗ. ‘ಇಟ್’ ಹೇಳುವುದು ಆಗಲೇ ಗೊತ್ತಿರುವ ಹಳೆಯ ಸಂಗತಿಯನ್ನು. ಒತ್ತನ್ನು ಹೊರುವ ತ್ರಾಣ ಅದಕ್ಕಿಲ್ಲ. ಆದ್ದರಿಂದ ಕ್ರಿಯಾವಿಶೇಷಣ ಕೊನೆಗೆ ಹೋಗಿ ನಿಲ್ಲುತ್ತದೆ, ಸರ್ವನಾಮ ನಡುವೆ ಅಡಗುತ್ತದೆ. ವಾಕ್ಯದಲ್ಲಿ ಚಿಕ್ಕ ಘಟಕ ಮೊದಲು, ದೊಡ್ಡ ಘಟಕ ಆಮೇಲೆ ಬರುವ ಒಲವಿದೆ ಎಂದು ಜರ್ಮನ್ ವಿದ್ವಾಂಸ ಒಟ್ಟೊ ಬೆಹಾಗೆಲ್ 1909ರಲ್ಲೇ ಗುರುತಿಸಿದ್ದರು. ‘ಇಟ್’ಗಿಂತ ಚಿಕ್ಕ ಘಟಕ ಯಾವುದಿದೆ? ಮಹಡಿಯ ಹಿಂದಿನ ಕೋಣೆಯಲ್ಲಿ ಉರಿಯುತ್ತಿರುವ ದೀಪ ಎಂದು ಉದ್ದವಾಗಿ ಹೇಳಬೇಕಾದಾಗಂತೂ ‘ಆಫ್’ ಮುಂಚೆಯೇ ಬಂದು, ಆ ಉದ್ದದ ನಾಮಪದ ಕೊನೆಗೆ ಹೋಗುತ್ತದೆ.

ಕನ್ನಡಿಗರು ಎಡವುವ ಜಾಗಗಳನ್ನು ಹುಡುಕುತ್ತ ಹೋದರೆ ಎರಡು ಮೆಟ್ಟಿಲು ಕಾಣುತ್ತವೆ. ಮೊದಲನೆಯದು, ನಮಗೆ ‘ಇಟ್’ ಬೇಕಾಗುವುದೇ ಇಲ್ಲ. ‘ಲೈಟ್ ಉರೀತಿದೆ, ಆಫ್ ಮಾಡು.’ ‘ಹಾಲು ಕಾಯ್ತಾ ಇದೆ, ಸ್ವಲ್ಪ ನೋಡ್ಕೋ.’ ಏನನ್ನು ಆಫ್ ಮಾಡಬೇಕು, ಯಾವುದನ್ನು ನೋಡಿಕೊಳ್ಳಬೇಕು ಎಂದು ಕನ್ನಡ ಮತ್ತೆ ಮತ್ತೆ ಹೇಳುವುದಿಲ್ಲ. ಸಂದರ್ಭದಿಂದ ತಿಳಿಯುವುದನ್ನು ಬಿಟ್ಟುಬಿಡುವುದು ನಮ್ಮ ಭಾಷೆಯ ಚಂದ. ಇಂಗ್ಲಿಷ್ ಬಿಡುವುದಿಲ್ಲ. ಅದಕ್ಕೆ ಆ ಜಾಗ ತುಂಬಿರಲೇಬೇಕು. ಹಾಗಾಗಿ ನಾವು ಮೊದಲು ಸರ್ವನಾಮವನ್ನು ನೆನಪಿಸಿಕೊಳ್ಳಬೇಕು, ಆಮೇಲೆ ಅದರ ಜಾಗವನ್ನು ಹುಡುಕಬೇಕು.

ಎರಡನೆಯ ಮೆಟ್ಟಿಲು ಇನ್ನೂ ಕುತೂಹಲದ್ದು. ಈ ಜೋಡಣೆಗಳು ನಮ್ಮ ಮಾತಿಗೆ ಬಂದಿರುವ ರೂಪ ನೋಡಿ: ಪಿಕಪ್, ಚೆಕಪ್, ಬ್ಯಾಕಪ್, ಮೇಕಪ್, ಲಾಕಪ್, ಪ್ಯಾಕಪ್. ಇವೆಲ್ಲ ಒಂದೇ ಉಸಿರಿನ ಇಡೀ ಪದಗಳು. ಇಂಗ್ಲಿಷಿನಲ್ಲೂ ಇವು ನಾಮಪದಗಳಾದಾಗ ಒಟ್ಟಾಗಿ ಬೆಸೆದುಕೊಂಡು ಒತ್ತು ಮೊದಲ ಭಾಗಕ್ಕೆ ಸರಿಯುತ್ತದೆ. ನಾವು ಆ ನಾಮಪದವನ್ನು ತಂದು ಪಕ್ಕದಲ್ಲಿ ‘ಮಾಡು’ ಇಟ್ಟೆವು. ‘ನನ್ನನ್ನು ಪಿಕಪ್ ಮಾಡು’, ‘ಫೈಲನ್ನು ಬ್ಯಾಕಪ್ ಮಾಡು’. ಕನ್ನಡದ ಮಟ್ಟಿಗೆ ಇದು ಸೊಗಸಾದ ಏರ್ಪಾಡು. ಆದರೆ ಹೀಗೆ ಗಟ್ಟಿಯಾಗಿ ಕಟ್ಟಿದ ಪದದ ಒಳಗೆ ಸರ್ವನಾಮ ನುಸುಳಲು ಸಂದಿ ಇರುವುದಿಲ್ಲ. ಇದೇ ಪದವನ್ನು ತಲೆಯಲ್ಲಿಟ್ಟುಕೊಂಡು ಇಂಗ್ಲಿಷಿಗೆ ಹೋದಾಗ ‘ಪಿಕ್ ಮಿ ಅಪ್’ ಎನ್ನುವ ಬದಲು ‘ಪಿಕಪ್ ಮಿ’ ಬರುತ್ತದೆ. ಇದು ಅಜ್ಞಾನವಲ್ಲ, ಕನ್ನಡ ತನ್ನ ರೀತಿಯಲ್ಲಿ ಅರಗಿಸಿಕೊಂಡ ಪದ ತನ್ನ ಹೊಸ ಮನೆಯ ನಡಾವಳಿಯೊಂದಿಗೆ ವಾಪಸು ಹೋಗುತ್ತಿದೆ. ಈ ಕಾರಣವನ್ನು ಹೇಳಿಕೊಟ್ಟರೆ ಮಕ್ಕಳು ಒಮ್ಮೆಗೇ ಹಿಡಿಯುತ್ತಾರೆ. ತಪ್ಪು ಎಂದು ಕೆಂಪು ಗೀಟು ಹಾಕಿದರೆ ಹಿಡಿಯುವುದಿಲ್ಲ.

‘ಕೋಪ್ ಅಪ್ ವಿತ್’ ಎಂಬುದರ ಬಗ್ಗೆಯೂ ಒಂದು ಮಾತು. ಭಾರತದ ಉದ್ದಗಲಕ್ಕೂ ಕೇಳುವ ಈ ಪ್ರಯೋಗವನ್ನು ಭಾಷಾ ಶುದ್ಧಿಯ ಅಂಕಣಗಳು ಹಣಿಯುತ್ತಲೇ ಬಂದಿವೆ. ಶಿಷ್ಟ ಇಂಗ್ಲಿಷಿನಲ್ಲಿ ಅದು ‘ಕೋಪ್ ವಿತ್’ ಮಾತ್ರ, ನಿಜ. ಆದರೆ ‘ಪುಟ್ ಅಪ್ ವಿತ್’, ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ ಎಲ್ಲದರಲ್ಲೂ ‘ಅಪ್ ವಿತ್’ ಇದೆ. ಅವುಗಳ ಅರ್ಥವೂ ಸಹಿಸುವ, ಸರಿಗಟ್ಟುವ ನೆರೆಹೊರೆಯದ್ದೇ. ಕಲಿಯುವವರ ಮನಸ್ಸು ತಾನಾಗಿ ಒಂದು ವಿನ್ಯಾಸವನ್ನು ಗುರುತಿಸಿ ಅದನ್ನು ಇನ್ನೊಂದು ಕ್ರಿಯಾಪದಕ್ಕೆ ಹೊಂದಿಸಿದೆ. ಭಾಷೆ ಕಲಿಯುವುದು ಎಂದರೆ ನಡೆಯುವುದೇ ಹೀಗೆ. ನನಗೆ ಇದರಲ್ಲಿ ಸೋಮಾರಿತನ ಕಾಣುವುದಿಲ್ಲ, ಬುದ್ಧಿ ಕಾಣುತ್ತದೆ.

ಅಪ್, ಆಫ್, ಔಟ್‌ಗಳು ಇಂಗ್ಲಿಷಿಗೆ ಮಾಡಿಕೊಡುವ ಕೆಲಸವನ್ನು ಕನ್ನಡದಲ್ಲಿ ಎರಡನೆಯ ಕ್ರಿಯಾಪದ ಮಾಡುತ್ತದೆ. ನೋಡು ಬೇರೆ, ನೋಡಿಕೊ ಬೇರೆ, ನೋಡಿಬಿಡು ಬೇರೆ. ‘ಲುಕ್ ಆಫ್ಟರ್’ ಎಂಬುದಕ್ಕೆ ನಮ್ಮಲ್ಲಿರುವುದು ‘ನೋಡಿಕೊ’. ‘ಈಟ್ ಅಪ್’ ಎಂಬುದಕ್ಕೆ ‘ತಿಂದುಹಾಕು’, ‘ತಿಂದುಬಿಡು’. ‘ಬರ್ನ್ ಡೌನ್’ ಎಂಬುದಕ್ಕೆ ‘ಸುಟ್ಟುಹೋಗು’. ಇಲ್ಲಿ ಯಾರೂ ಏನನ್ನೂ ಹಾಕುತ್ತಿಲ್ಲ, ಎಲ್ಲಿಗೂ ಹೋಗುತ್ತಿಲ್ಲ. ಹಾಕು, ಹೋಗು, ಬಿಡು, ಕೊಳ್ಳು ತಮ್ಮ ಮೂಲ ಅರ್ಥವನ್ನು ಕಳಚಿಟ್ಟು ಕೆಲಸ ಮುಗಿದ, ಮೀರಿದ, ತನಗಾಗಿ ಮಾಡಿಕೊಂಡ ಛಾಯೆಯನ್ನು ಮಾತ್ರ ಕೊಡುತ್ತವೆ. ‘ಈಟ್ ಅಪ್’ನಲ್ಲಿ ಯಾವುದು ಮೇಲಕ್ಕೆ ಹೋಯಿತು ಎಂದು ಕೇಳುವ ವಿದ್ಯಾರ್ಥಿಗೆ, ‘ತಿಂದುಹಾಕು’ನಲ್ಲಿ ಯಾವುದನ್ನು ಎಲ್ಲಿಗೆ ಹಾಕಿದೆ ಎಂದು ಕೇಳಿದರೆ ಸಾಕು, ಮುಖ ಅರಳುತ್ತದೆ.

ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1985ರ ಒಂದು ಪ್ರಬಂಧದಲ್ಲಿ ಚಲನೆಯನ್ನು ಹೇಳುವ ರೀತಿಯ ಮೇಲೆ ಭಾಷೆಗಳನ್ನು ವಿಂಗಡಿಸಿದರು. ಬಾಟಲಿಯೊಂದು ತೇಲುತ್ತ ಗುಹೆಯ ಒಳಗೆ ಹೋಯಿತು ಎನ್ನಲು ಇಂಗ್ಲಿಷ್ ತೇಲುವುದನ್ನೇ ಮುಖ್ಯ ಕ್ರಿಯಾಪದ ಮಾಡಿ, ಒಳಹೊಕ್ಕ ದಾರಿಯನ್ನು ‘ಇಂಟು’ಗೆ ಒಪ್ಪಿಸುತ್ತದೆ. ಸ್ಪ್ಯಾನಿಷ್ ಒಳಹೊಕ್ಕಿದ್ದನ್ನು ಕ್ರಿಯಾಪದ ಮಾಡಿ, ತೇಲುವುದನ್ನು ಪಕ್ಕಕ್ಕಿಡುತ್ತದೆ. ನಾವು ‘ತೇಲಿಕೊಂಡು ಒಳಗೆ ಹೋಯಿತು’ ಎನ್ನುತ್ತೇವೆ. ರೀತಿ ಕೃದಂತದಲ್ಲಿ, ಗತಿ ಕೊನೆಯ ಕ್ರಿಯಾಪದದಲ್ಲಿ. ಕನ್ನಡದ ಮನಸ್ಸು ಎರಡು ಕ್ರಿಯಾಪದಗಳಲ್ಲಿ ಹಂಚುವ ಭಾರವನ್ನು ಇಂಗ್ಲಿಷ್ ಒಂದು ಕ್ರಿಯಾಪದಕ್ಕೂ ಒಂದು ಪುಟ್ಟ ಪದಕ್ಕೂ ಹಂಚುತ್ತದೆ. ಇಷ್ಟು ಹೊಳೆದರೆ ಆ ಪುಟ್ಟ ಪದದ ಬಗ್ಗೆ ಗೌರವ ಹುಟ್ಟುತ್ತದೆ. ಅದು ಅಲಂಕಾರಕ್ಕೆ ಬಂದದ್ದಲ್ಲ, ಅರ್ಧ ಸಂಗತಿಯನ್ನು ಹೊತ್ತಿರುವುದೇ ಅದು.

ಈಗ ಕ್ರಿಯಾಪದ, ಸರ್ವನಾಮ, ಕ್ರಿಯಾವಿಶೇಷಣ, ಪ್ರಿಪೊಸಿಷನ್ ನಾಲ್ಕೂ ಸಾಲಾಗಿ ಬರುವ ಸರಪಳಿಗಳಿಗೆ ಬರೋಣ. ನನಗೆ ಅತಿ ಇಷ್ಟವಾದದ್ದು ‘ಟೇಕ್ ಇಟ್ ಔಟ್ ಆನ್’. ಕಚೇರಿಯ ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಂಡರೆ ಇಂಗ್ಲಿಷಿನಲ್ಲಿ ಹೇಳುವುದು ಹೀಗೆ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬ ನಮ್ಮ ಗಾದೆಯಲ್ಲಿ ಎರಡನೆಯ ‘ಮೇಲೆ’ ಮಾಡುವ ಕೆಲಸವನ್ನೇ ಇಲ್ಲಿ ‘ಆನ್’ ಮಾಡುತ್ತಿದೆ. ಪೆಟ್ಟು ತಿನ್ನುವವರು ಅದರ ಮುಂದೆ ಬರುತ್ತಾರೆ. ‘ಔಟ್’ ಒಳಗಿನ ಕುದಿತವನ್ನು ಹೊರಗೆ ತರುತ್ತದೆ. ‘ಇಟ್’ ಏನು? ಹಿಂದಿನ ವಾಕ್ಯಗಳಲ್ಲಿ ಹುಡುಕಿದರೆ ಅದು ತೋರುವ ಯಾವ ನಾಮಪದವೂ ಅನೇಕ ಸಲ ಸಿಗುವುದಿಲ್ಲ. ‘ಹ್ಯಾವ್ ಇಟ್ ಇನ್ ಫಾರ್ ಹಿಮ್’ ಎಂದರೆ ಅವನ ಮೇಲೆ ಹಗೆ ಇಟ್ಟುಕೊಳ್ಳುವುದು; ‘ಮೇಕ್ ಇಟ್ ಅಪ್ ಟು ಹರ್’ ಎಂದರೆ ಅವಳಿಗೆ ಆದ ನೋವನ್ನು ತುಂಬಿಕೊಡುವುದು. ಇವುಗಳಲ್ಲೂ ‘ಇಟ್’ ಯಾವುದನ್ನೂ ಸ್ಪಷ್ಟವಾಗಿ ಬೆರಳಿಟ್ಟು ತೋರುವುದಿಲ್ಲ. ಆದರೂ ಅದನ್ನು ತೆಗೆದರೆ ಸರಪಳಿ ಕಳಚಿಬೀಳುತ್ತದೆ.

ನಿತ್ಯದ ಬಳಕೆಗೆ ಬರುವ ಸರಪಳಿಗಳು ಇನ್ನೂ ಬೇಕಷ್ಟಿವೆ. ಫೋನಿನಲ್ಲಿ ಮ್ಯಾನೇಜರ್‌ಗೆ ಸಂಪರ್ಕ ಕೊಡಿ ಎನ್ನಲು ‘ಪುಟ್ ಮಿ ಥ್ರೂ ಟು’. ಗುಟ್ಟನ್ನು ನನಗೂ ಹೇಳಿ ಎನ್ನಲು ‘ಲೆಟ್ ಮಿ ಇನ್ ಆನ್’. ಸೋಲಿಗೆ ಆಯಾಸವೇ ಕಾರಣ ಎನ್ನಲು ‘ಪುಟ್ ಇಟ್ ಡೌನ್ ಟು’. ನೀವು ಆವತ್ತು ಕರೆದಿದ್ದಿರಿ, ಈಗ ಒಪ್ಪಿ ಬರುತ್ತಿದ್ದೇನೆ ಎನ್ನಲು ‘ಟೇಕ್ ಯು ಅಪ್ ಆನ್’. ಎಲ್ಲದರಲ್ಲೂ ಮನುಷ್ಯನೋ ವಸ್ತುವೋ ಎರಡನೆಯ ಜಾಗದಲ್ಲಿ, ಗತಿ ಮೂರನೆಯದರಲ್ಲಿ, ತಲುಪುವ ನೆಲೆಯನ್ನು ತೋರಿಸುವ ಪದ ನಾಲ್ಕನೆಯದರಲ್ಲಿ.

ಒಮ್ಮೆ ಅಚ್ಚು ಸಿಕ್ಕರೆ ಅದರೊಳಗೆ ಬೇರೆ ಕ್ರಿಯಾಪದಗಳನ್ನೂ ಸುರಿಯಬಹುದು. ‘ಟಾಕ್ ಹಿಮ್ ಔಟ್ ಆಫ್ ಇಟ್’ ಎಂದರೆ ಮಾತಾಡಿ ಅವನ ಯೋಚನೆ ಬಿಡಿಸುವುದು. ‘ಟಾಕ್’ ತೆಗೆದು ‘ಸ್ಕೇರ್’ ಹಾಕಿದರೆ ಹೆದರಿಸಿ ಬಿಡಿಸುವುದು. ‘ಔಟ್ ಆಫ್’ ಬದಲು ‘ಇಂಟು’ ಹಾಕಿದರೆ ಮಾತಾಡಿ ಒಪ್ಪಿಸುವುದು, ಪುಸಲಾಯಿಸಿ ಒಪ್ಪಿಸುವುದು, ಗದರಿಸಿ ಒಪ್ಪಿಸುವುದು. ‘ಒಪ್ಪಿಸು’, ‘ಬಿಡಿಸು’ ಎಂಬ ಪದಗಳು ಇಂಗ್ಲಿಷ್ ವಾಕ್ಯದಲ್ಲಿ ಎಲ್ಲೂ ಇಲ್ಲ. ಆ ಅರ್ಥ ಅಚ್ಚಿನಲ್ಲೇ ಇದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ಮುಂದಾಳತ್ವದಲ್ಲಿ ನಡೆದ ಕೊಬಿಲ್ಡ್ ಯೋಜನೆ ಅಪಾರ ಪ್ರಮಾಣದ ನಿಜ ಬರಹ ಮತ್ತು ಮಾತುಗಳನ್ನು ಕಂಪ್ಯೂಟರಿಗೆ ಊಡಿಸಿ ಪರಿಶೀಲಿಸಿತು. ಅದರ ಮೊದಲ ನಿಘಂಟು ಬಂದದ್ದು 1987ರಲ್ಲಿ. 1996ರಲ್ಲಿ ಗಿಲ್ ಫ್ರಾನ್ಸಿಸ್, ಸೂಸನ್ ಹನ್‌ಸ್ಟನ್, ಎಲಿಜಬೆತ್ ಮ್ಯಾನಿಂಗ್ ಅವರು ಕ್ರಿಯಾಪದಗಳ ವಿನ್ಯಾಸಗಳ ಸಂಪುಟವನ್ನೇ ಹೊರತಂದರು. ಒಂದೇ ವಿನ್ಯಾಸದಲ್ಲಿ ಬರುವ ಕ್ರಿಯಾಪದಗಳು ಅರ್ಥದಲ್ಲೂ ಗುಂಪುಗೂಡುತ್ತವೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಭಾಷಾವಿಜ್ಞಾನಿ ಅಡೆಲ್ ಗೋಲ್ಡ್‌ಬರ್ಗ್ 1995ರ ತಮ್ಮ ಪುಸ್ತಕದಲ್ಲಿ ಇನ್ನೂ ಮುಂದೆ ಹೋದರು. ‘ಸ್ನೀಜ್’ ಎಂದರೆ ಬರಿಯ ಸೀನು. ಅದಕ್ಕೆ ಕರ್ಮಪದವೇ ಇಲ್ಲ. ಆದರೂ ಅವಳು ಕರವಸ್ತ್ರವನ್ನು ಮೇಜಿನಿಂದಾಚೆಗೆ ಸೀನಿದಳು ಎಂಬ ಅಚ್ಚಿನಲ್ಲಿ ಆ ಪದವನ್ನಿಟ್ಟರೆ ಇಂಗ್ಲಿಷ್ ಬಲ್ಲವರಿಗೆ ತಕ್ಷಣ ಅರ್ಥವಾಗುತ್ತದೆ. ಸೀನಿದ ರಭಸಕ್ಕೆ ಬಟ್ಟೆ ಹಾರಿಹೋಯಿತು.

ಸರ್ವನಾಮ ಇನ್ನೊಂದು ಕಡೆಯೂ ನೆರವಿಗೆ ಬರುತ್ತದೆ. ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ನಮ್ಮ ಕಚೇರಿಗಳ ಇ-ಮೇಲ್‌ಗಳು ಮುಗಿಯುತ್ತವೆ. ಬೇಕಾದದ್ದು ‘ಮೀಟಿಂಗ್’. ‘ಟು’ ಕಂಡೊಡನೆ ಕ್ರಿಯಾಪದದ ಮೂಲರೂಪ ಬರೆಯುವುದು ಶಾಲೆಯಲ್ಲಿ ಆದ ಅಭ್ಯಾಸ. ಆದರೆ ‘ಲುಕಿಂಗ್ ಫಾರ್ವರ್ಡ್ ಟು ಇಟ್’ ಎನ್ನಬಹುದಲ್ಲವೇ? ‘ಇಟ್’ ಕೂರುವ ಜಾಗವೆಂದರೆ ನಾಮಪದದ ಜಾಗ. ಅಲ್ಲಿರುವ ‘ಟು’ ಅಪ್ಪಟ ಪ್ರಿಪೊಸಿಷನ್. ನಾಮಪದದಂತೆ ವರ್ತಿಸುವ ‘ಮೀಟಿಂಗ್’ಗೆ ಮಾತ್ರ ಅಲ್ಲಿ ಪ್ರವೇಶ.

ಕ್ರಿಯಾಪದಕ್ಕೆ ಪುಟ್ಟ ಪದವನ್ನು ಜೋಡಿಸುವ ಈ ಗುಣ ಇಂಗ್ಲಿಷಿಗೆ ಹುಟ್ಟಿನಿಂದ ಬಂದದ್ದು. ಅದರ ಸೋದರ ಭಾಷೆ ಜರ್ಮನ್‌ನಲ್ಲಿ ಕ್ರಿಯಾಪದದ ಆರಂಭಕ್ಕೆ ಅಂಟಿರುವ ತುಣುಕು ವಾಕ್ಯದಲ್ಲಿ ಕಳಚಿಕೊಂಡು ಕೊನೆಗೆ ಹೋಗಿ ನಿಲ್ಲುತ್ತದೆ. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುವವರು ಮೊದಲ ಹಂತದಲ್ಲೇ ಇದನ್ನು ಎದುರಿಸುತ್ತಾರೆ. ಹಳೆಯ ಇಂಗ್ಲಿಷಿನಲ್ಲೂ ಇಂಥ ತುಣುಕುಗಳು ಅನೇಕ ಸಲ ಕ್ರಿಯಾಪದಕ್ಕಿಂತ ಮೊದಲು ಬರುತ್ತಿದ್ದವು. ಪದಕ್ರಮ ಬದಲಾಗುತ್ತ ಬಂದಂತೆ ಅವು ಕ್ರಿಯಾಪದದ ನಂತರಕ್ಕೆ ಹೋಗಿ ನೆಲೆನಿಂತವು. ಈ ನಡುವೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು; ಮುಂದಿನ ಶತಮಾನಗಳಲ್ಲಿ ಫ್ರೆಂಚ್, ಲ್ಯಾಟಿನ್ ಮೂಲದ ಪದಗಳು ಹೊಳೆಯಾಗಿ ಹರಿದುಬಂದವು. ಹೀಗೆ ಎಷ್ಟೋ ಕೆಲಸಗಳಿಗೆ ಎರಡೆರಡು ಮಾತಾಯಿತು. ಬೀದಿ ಮತ್ತು ಅಡುಗೆಮನೆಯಲ್ಲಿ ‘ಪುಟ್ ಔಟ್’, ‘ಪುಟ್ ಆಫ್’, ‘ಪುಟ್ ಅಪ್ ವಿತ್’. ಗ್ರಂಥ ಮತ್ತು ಕಚೇರಿಯಲ್ಲಿ ಎಕ್ಸ್‌ಟಿಂಗ್ವಿಶ್, ಪೋಸ್ಟ್‌ಪೋನ್, ಟಾಲರೇಟ್.

ಲ್ಯಾಟಿನ್ನಿನ ಮುಂದೆ ಈ ದೇಸಿ ವಿನ್ಯಾಸಗಳ ಬಗ್ಗೆ ಇಂಗ್ಲಿಷ್ ಪಂಡಿತರಿಗೇ ಸಂಕೋಚವಿತ್ತು. ಕವಿ ಜಾನ್ ಡ್ರೈಡನ್ 1672ರಲ್ಲಿ, ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬಿಡುವುದು ದೋಷವೆಂದು ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ ಬೆರಳಿಟ್ಟು ತೋರಿಸಿದ. ತಾನೇ 1668ರಲ್ಲಿ ಪ್ರಕಟಿಸಿದ್ದ ನಾಟಕಕಾವ್ಯದ ಪ್ರಬಂಧವನ್ನು 1684ರಲ್ಲಿ ಮರುಮುದ್ರಿಸುವಾಗ ಅಂಥ ವಾಕ್ಯಗಳನ್ನು ತಿದ್ದಿದ. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್‌ನದು ಬೇರೆ ಮನಸ್ಸು. 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಪರಭಾಷಿಕರಿಗೆ ಅತಿ ಕಷ್ಟವಾಗುವುದು ಕ್ರಿಯಾಪದಕ್ಕೆ ಪುಟ್ಟ ಪದ ಸೇರಿದ ಈ ಜೋಡಣೆಗಳೇ ಎಂದು ಗುರುತಿಸಿ, ಅವನ್ನು ಶ್ರದ್ಧೆಯಿಂದ ಸಂಗ್ರಹಿಸಿದ್ದೇನೆ ಎಂದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ನೆಲೆಗೊಂಡದ್ದು ಬಹಳ ತಡವಾಗಿ. ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಅದನ್ನು ಬಳಸಿ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಅದನ್ನು ಸೂಚಿಸಿದರೆಂದು ದಾಖಲಿಸಿದರು.

ನಮ್ಮ ಪಾಲಿಗೆ ಆದದ್ದು ತಿರುವುಮುರುವು. ಇಂಗ್ಲಿಷ್ ತಾಯಿನುಡಿಯ ಮಗು ಮೊದಲು ‘ಪುಟ್ ಔಟ್’ ಕಲಿತು ದೊಡ್ಡದಾದ ಮೇಲೆ ‘ಎಕ್ಸ್‌ಟಿಂಗ್ವಿಶ್’ ಕಲಿಯುತ್ತದೆ. ನಾವು ಪುಸ್ತಕದ ಬಾಗಿಲಿಂದ ಒಳಹೊಕ್ಕವರು. ‘ಪೋಸ್ಟ್‌ಪೋನ್’ ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲೂ ಸಲೀಸು, ‘ಪುಟ್ ಆಫ್’ ಪದವೀಧರರಿಗೂ ಅನುಮಾನ. ಕಷ್ಟದ ಪದಗಳು ನಮಗೆ ಸುಲಭ, ಸುಲಭದ ಪದಗಳು ಕಷ್ಟ. ಈ ನೆಲೆಯಿಂದ ನಮ್ಮ ಪಠ್ಯಕ್ರಮವನ್ನು ಯೋಚಿಸಿದವರು ಕಡಿಮೆ ಎಂಬುದು ನನ್ನ ಕೊರಗು.

ಪುಟ್ಟ ಪದಗಳ ಈ ಶಕ್ತಿಯನ್ನೇ ನಂಬಿ ಸಿ.ಕೆ. ಆಗ್ಡನ್ 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಕಟ್ಟಿದರು. ಒಟ್ಟು 850 ಪದ, ಅದರಲ್ಲಿ ಕ್ರಿಯಾಪದ ಬರೀ 18. ಗೆಟ್, ಗಿವ್, ಗೋ, ಪುಟ್, ಟೇಕ್ ಮುಂತಾದವಕ್ಕೆ ಅಪ್, ಆಫ್, ಔಟ್ ಸೇರಿಸಿದರೆ ಸಾವಿರಾರು ಕ್ರಿಯಾಪದಗಳ ಕೆಲಸ ನಡೆಯುತ್ತದೆ ಎಂಬುದು ಅವರ ಲೆಕ್ಕ. 1943ರಲ್ಲಿ ಹಾರ್ವರ್ಡ್‌ನಲ್ಲಿ ಮಾತಾಡಿದ ಚರ್ಚಿಲ್ ಕೂಡ ಈ ಯೋಜನೆಯನ್ನು ಮೆಚ್ಚಿದರು. ಆದರೆ ಪದಗಳ ಎಣಿಕೆಯಲ್ಲಿ ಉಳಿದ ಶ್ರಮ ಜೋಡಣೆಯಲ್ಲಿ ಖರ್ಚಾಗುತ್ತದೆ. ‘ಪುಟ್’ ಗೊತ್ತು, ‘ಅಪ್’ ಗೊತ್ತು, ‘ವಿತ್’ ಗೊತ್ತು. ಮೂರೂ ಕೂಡಿದಾಗ ಸಹಿಸಿಕೊಳ್ಳು ಎಂದಾಗುತ್ತದೆ ಎಂಬುದನ್ನು ಬೇರೆಯಾಗಿಯೇ ಕಲಿಯಬೇಕು. ಆಗ್ಡನ್ ಅದನ್ನು ಎಣಿಕೆಗೆ ಸೇರಿಸಲಿಲ್ಲ.

ಹೆಚ್ಚು ಬಾಳಿಕೆ ಬಂದ ಕೆಲಸ ನಡೆದದ್ದು ಜಪಾನಿನಲ್ಲಿ. 1922ರಲ್ಲಿ ಅಲ್ಲಿಗೆ ಹೋದ ಹೆರಾಲ್ಡ್ ಪಾಮರ್, ಅವರ ಜೊತೆಗೂಡಿದ ಎ.ಎಸ್. ಹಾರ್ನ್‌ಬಿ ಇಬ್ಬರೂ ಜಪಾನಿ ವಿದ್ಯಾರ್ಥಿಗಳ ಎದುರು ನಿಂತು ಪಾಠ ಹೇಳುತ್ತ, ಕಲಿಯುವವರಿಗೆ ಬೇಕಾದದ್ದು ಕ್ರಿಯಾಪದದ ಅರ್ಥದ ಜೊತೆಗೆ ಅದು ಯಾವ ಸಾಲಿನಲ್ಲಿ ನಿಲ್ಲುತ್ತದೆ ಎಂಬ ತಿಳಿವಳಿಕೆ ಎಂದು ಕಂಡುಕೊಂಡರು. ಹಾರ್ನ್‌ಬಿ, ಗೇಟನ್‌ಬಿ, ವೇಕ್‌ಫೀಲ್ಡ್ ಮೂವರ ನಿಘಂಟು 1942ರಲ್ಲಿ, ಯುದ್ಧದ ನಡುವೆ, ಟೋಕಿಯೊದಲ್ಲಿ ಅಚ್ಚಾಯಿತು. ಅದೇ 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಣೆಯಾಗಿ, ಮುಂದೆ ನಮ್ಮ ಕಾಲೇಜು ವಿದ್ಯಾರ್ಥಿಗಳ ಕೈಸೇರಿದ ‘ಅಡ್ವಾನ್ಸ್‌ಡ್ ಲರ್ನರ್ಸ್’ ನಿಘಂಟಾಯಿತು. ಅದರಲ್ಲಿ ಕ್ರಿಯಾಪದಗಳ ಪಕ್ಕದಲ್ಲಿದ್ದ ಅಕ್ಷರ-ಅಂಕಿಯ ಗುರುತುಗಳು ಹಾರ್ನ್‌ಬಿ ಗುರುತಿಸಿದ 25 ವಿನ್ಯಾಸಗಳ ಸಂಕೇತಗಳು. ಅರ್ಥ ಓದಿ ಪುಟ ಮಡಚಿದವರೇ ಹೆಚ್ಚು. ಆ ಗುರುತುಗಳಲ್ಲೇ ‘ಇಟ್’ ಕೂರುವ ಜಾಗವೂ ಇತ್ತು.

ಪಾಮರ್, ಹಾರ್ನ್‌ಬಿ ಅವರ ಚಿಂತನೆ ‘ಸ್ಟ್ರಕ್ಚರಲ್’ ಪದ್ಧತಿಯಾಗಿ ಭಾರತದ ಶಾಲೆಗಳಿಗೆ ಬಂದಾಗ ವಿನ್ಯಾಸಗಳು ಉಳಿದವು, ಜೀವ ಹೋಯಿತು. ಮಕ್ಕಳು ಒಂದೇ ವಾಕ್ಯವನ್ನು ಸಾಮೂಹಿಕವಾಗಿ ಒದರುವ ತಾಲೀಮಾಯಿತು. ಇದಕ್ಕೆ ಉತ್ತರವಾಗಿ ಹುಟ್ಟಿದ ಪ್ರಯೋಗವೊಂದು ಬೆಂಗಳೂರಿನ ಹೆಸರನ್ನು ಜಗತ್ತಿನ ಭಾಷಾಬೋಧನೆಯ ಚರ್ಚೆಗೆ ಸೇರಿಸಿತು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಊರುಗಳ ಶಾಲೆಗಳಲ್ಲಿ ನಡೆಸಿದ ‘ಬೆಂಗಳೂರು ಪ್ರಾಜೆಕ್ಟ್’ ಅದು. ಮಕ್ಕಳಿಗೆ ರೈಲಿನ ವೇಳಾಪಟ್ಟಿ ಕೊಡುವುದು, ನಕಾಶೆ ಕೊಡುವುದು, ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹೇಳುವುದು. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ವ್ಯಾಕರಣದ ರೂಪ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ವಾದ. 1987ರಲ್ಲಿ ಅದು ಪುಸ್ತಕವಾಗಿ ಬಂತು.

ಹಾರ್ನ್‌ಬಿಯವರ ಸಾಲುಗಳನ್ನೂ ಪ್ರಭು ಅವರ ಒಳನೋಟವನ್ನೂ ಕೂಡಿಸಲು ದುಬಾರಿ ಸಲಕರಣೆ ಬೇಕಿಲ್ಲ. ಒಂದು ಡಬ್ಬಿ, ಒಂದು ಪೆನ್ಸಿಲು, ನಾಲ್ಕು ಮಕ್ಕಳು ಸಾಕು. ‘ಪಿಕ್ ಇಟ್ ಅಪ್’ ಎಂದಾಗ ಒಬ್ಬಳು ಪೆನ್ಸಿಲನ್ನು ಎತ್ತಲಿ. ‘ಪುಟ್ ಇಟ್ ಡೌನ್’, ಕೆಳಗಿಡಲಿ. ‘ಹ್ಯಾಂಡ್ ಇಟ್ ಓವರ್ ಟು ಹಿಮ್’, ಅವನ ಕೈಗೆ ಕೊಡಲಿ. ‘ಟೇಕ್ ಇಟ್ ಅವೇ ಫ್ರಮ್ ಹಿಮ್’, ಕಿತ್ತುಕೊಳ್ಳಲಿ. ಹೇಳುವ ಮೇಷ್ಟ್ರು ಒತ್ತನ್ನು ಅಪ್, ಡೌನ್, ಓವರ್, ಅವೇಗಳ ಮೇಲೆ ಇಟ್ಟು, ‘ಇಟ್’ ಅನ್ನು ನಡುವೆ ಹಗುರವಾಗಿ ತೇಲಿಸಬೇಕು. ಆಮೇಲೆ ಮಕ್ಕಳೇ ಒಬ್ಬರಿಗೊಬ್ಬರು ಅಪ್ಪಣೆ ಕೊಡಲಿ, ಪೆನ್ಸಿಲು ಎಲ್ಲಿ ಹೋಯಿತೆಂದು ಕಣ್ಣುಮುಚ್ಚಿದ ಇನ್ನೊಬ್ಬ ಕಿವಿಯಿಂದಲೇ ಕಂಡುಹಿಡಿಯಲಿ. ನಾಲ್ಕು ಪದಗಳ ಸಾಲು ಕೈಯಲ್ಲಿ ಕೂತ ಮೇಲೆ, ಪೆನ್ಸಿಲ್ಲಿಲ್ಲದ ‘ಟಾಕ್ ಹರ್ ಔಟ್ ಆಫ್ ಇಟ್’ಗೆ ಹೋಗಬಹುದು. ಶಾಲೆ ಬಿಡುತ್ತೇನೆ ಎಂದು ಹಟ ಹಿಡಿದ ಗೆಳತಿಯೊಬ್ಬಳನ್ನು ಕಲ್ಪಿಸಿಕೊಟ್ಟು, ಮಾತಾಡಿ ಅವಳ ಮನಸ್ಸು ತಿರುಗಿಸಿ ಎಂದರೆ ಏಳನೇ ತರಗತಿಯ ಹುಡುಗಿಯರಿಗೆ ಮಾತಿಗೇನೂ ಬರವಿರುವುದಿಲ್ಲ.